ಊರಿಗೆ ಬಿಸಿ ರೊಟ್ಟಿ

ನವಲಗುಂದ ಬಸ್ ನಿಲ್ದಾಣದ ಎದುರು ರೊಟ್ಟಿ ಮಾರುವ ಅಕ್ಕನ ಹತ್ತಿರ ಕಡಕ್ ರೊಟ್ಟಿ ಕೇಳಿದೆ. ನಾಳೆ ಜರ್ಮನಿಗೆ ವಿಮಾನ. ಕಡಕ್ ಆದರೆ ತಿಂಗಳಾದರೂ ಕೆಡುವುದಿಲ್ಲ.

“ಊರಿಗೆ ಹೊಂಟೀರೇನ್ರಿ?” ಎಂದಳು.

“ಹೌದ್ರಿ, ಊರಿಗೆ.”

ಅಂದಮೇಲೆ ನನಗೇ ದಿಗಿಲಾಯಿತು. ಇಷ್ಟು ವರ್ಷ ಜರ್ಮನಿಯಲ್ಲಿದ್ದರೂ ಆ ಜಾಗವನ್ನು ನಾನು ಊರು ಎಂದವನೇ ಅಲ್ಲ.

“ಯಾವೂರ್ರಿ ನಿಮ್ದು?”

ಬಾಯಿ ತಾನಾಗಿ ಹುಟ್ಟಿದೂರಿನ ಹೆಸರು ಹೇಳಿತು: “ತಿರ್ಲಾಪುರ.”

“ಅಯ್ಯ, ಇಲ್ಲೇ ಐತಲ್ರಿ! ಕಡಕ್ ರೊಟ್ಟಿ ದೂರ ಹೋಗೋರಿಗ್ರಿ. ನೀವು ಬಿಸೀವ ಒಯ್ರಿ.”

ತಿದ್ದಬಹುದಿತ್ತು, ತಿದ್ದಲಿಲ್ಲ. ಈಗ ವಿಮಾನ ಹಿಡಿಯಲು ಹುಬ್ಬಳ್ಳಿ ಬಸ್ಸಿನಲ್ಲಿ ಕೂತಿದ್ದೇನೆ. ಪೊಟ್ಟಣ ತೊಡೆಯ ಮೇಲೆ ಬೆಚ್ಚಗಿದೆ. ಇವು ಜರ್ಮನಿಯವರೆಗೆ ಬಾಳುವುದಿಲ್ಲ. ಆರುವ ಮೊದಲೇ ಒಂದನ್ನು ಮುರಿದೆ.