ಪೌಡರ್ ತೊಳೆದು ತೆಗೆದ ಫೋಟೋ

ಮಧ್ಯಾಹ್ನ ಮೂರೂ ಹತ್ತಕ್ಕೆ ತಂಗಿ ಕನ್ನಡಿಯ ಮುಂದಿನಿಂದ ಕರೆದಳು. ಕುತ್ತಿಗೆಯ ಸುತ್ತ ಕೆಂಪು ಚುಕ್ಕೆಗಳೆದ್ದಿದ್ದವು. ತುರಿಕೆಯಲ್ಲ, ಉರಿ ಎಂದಳು. ಅವಳ ಫಿಟ್ಸ್‌ಗೆ ನೋಡುತ್ತಿದ್ದ ಡಾಕ್ಟರು ಹೊಸ ಮಾತ್ರೆ ಶುರುಮಾಡಿ ಎರಡು ವಾರವಾಗಿತ್ತು. ಎರಡನ್ನೂ ಜೋಡಿಸಿ ನೋಡುವ ಬುದ್ಧಿ ಬಿ.ಎಸ್ಸಿ. ಓದಿದ ನನಗೆ ಬರಲಿಲ್ಲ. ಆ ಮಧ್ಯಾಹ್ನವನ್ನು ಈಗಲೂ ಮನಸ್ಸು ಮತ್ತೆ ಮತ್ತೆ ಮೊದಲಿನಿಂದ ಓಡಿಸುತ್ತದೆ.

ನಾವಾಗ ವಿಮಾನಪುರದ ಫ್ಯಾಕ್ಟರಿ ಕ್ವಾರ್ಟರ್ಸ್‌ನಲ್ಲಿದ್ದೆವು. ತಂಗಿಯ ಕೈಗಳಿಗೆ ಚಿಕ್ಕಂದಿನಿಂದ ಎಕ್ಸಿಮಾ. ಹಲಸೂರಿನಲ್ಲಿ ಅವಳನ್ನು ನೋಡುತ್ತಿದ್ದ ಚರ್ಮದ ಡಾಕ್ಟರಮ್ಮ ಮಂಗಳೂರಿಗೆ ಹೋಗುವಾಗ, ಅಷ್ಟು ದೂರ ಬರಬೇಡಿ, ತಿಂಗಳಿಗೊಮ್ಮೆ ಫೋಟೋ ಇಮೇಲ್ ಮಾಡಿ, ಮುಲಾಮು ಬರೆದು ಕಳಿಸುತ್ತೇನೆ ಎಂದಿದ್ದರು. ನನ್ನ ಆಫೀಸಿನ ಡಿಜಿಟಲ್ ಕ್ಯಾಮೆರಾ ಮತ್ತು ಬಸ್ ಸ್ಟಾಪಿನ ಸೈಬರ್ ಸೆಂಟರಿನಲ್ಲಿ ಒಂದು ವರ್ಷ ಹಾಗೇ ನಡೆದಿತ್ತು. ಅಮ್ಮನಿಗೆ ಮಾತ್ರ ಫೋಟೋ ಎಂದರೆ ಸ್ಟುಡಿಯೋ ಫೋಟೋನೇ. ತೆಗೆಯುವುದು ಕೈಯನ್ನಾದರೂ ಮಗಳಿಗೆ ತಲೆ ಬಾಚಿ, ಪೌಡರ್ ಹಚ್ಚಿ, ಒಳ್ಳೆಯ ಚೂಡಿದಾರ್ ಹಾಕಿಸಿ ಕೂರಿಸುತ್ತಿದ್ದಳು. ನಾವು ನಗುತ್ತಿದ್ದೆವು.

ಅಂದು ಫೋನ್ ಮಾಡಿದಾಗ ಡಾಕ್ಟರಮ್ಮ ಕೂಡಲೇ ಫೋಟೋ ಕಳಿಸಲು ಹೇಳಿದರು. ನಾನು ಕ್ಯಾಮೆರಾಕ್ಕೆ ಬ್ಯಾಟರಿ ತರುವಷ್ಟರಲ್ಲಿ ಅಮ್ಮ ಮುಖ, ಕುತ್ತಿಗೆಗೆಲ್ಲ ಪೌಡರ್ ಬಳಿದು ಮಗಳನ್ನು ಸಿದ್ಧಮಾಡಿದ್ದಳು.

"ಡಾಕ್ಟ್ರ ಮುಂದೆ ಹಂಗೇ ಕೂರ್ಸಕ್ಕಾಗತ್ತೇನೆ?" ಎಂದಳು.

ನಾನು ಹಾಗೇ ಕ್ಲಿಕ್ಕಿಸಿ ಸೈಬರ್ ಸೆಂಟರಿಗೆ ಓಡಿದೆ. ಮೂರು ಫೋಟೋ ಹೋಗಲು ಅರ್ಧ ಗಂಟೆ ಹಿಡಿಯಿತು. ಪಕ್ಕದ ಬೂತಿನಿಂದ ಡಾಕ್ಟರಮ್ಮನಿಗೆ ಫೋನ್ ಮಾಡಿದೆ.

"ನಂಗೆ ಪೌಡರ್ ಕಾಣ್ತಿದೆ ಕಣಮ್ಮ, ಚರ್ಮ ಕಾಣ್ತಿಲ್ಲ. ಮುಖ ತೊಳ್ಸಿ, ಕಣ್ಣು, ತುಟಿ ಒಳಗಡೆ, ಹತ್ರದಿಂದ ತೆಗೀರಿ. ನಾನು ಇಲ್ಲೇ ಕೂತಿರ್ತೀನಿ."

ಮನೆಗೆ ಬಂದು ಹೇಳಿದೆ. ಅಮ್ಮ ಒದ್ದೆ ಬಟ್ಟೆಯಿಂದ ಮೆತ್ತಗೆ ಒರೆಸಿದಳು. ತಂಗಿ ಹಲ್ಲು ಕಚ್ಚಿ ಹಿಂದೆ ಸರಿದಳು. ಬಟ್ಟೆಯ ಜೊತೆ ಒಂದು ಚೂರು ಚರ್ಮವೂ ಬಂದಿತ್ತು. ಕೆಳತುಟಿಯ ಒಳಗೆ ಬೊಬ್ಬೆಗಳಿದ್ದವು. ಅಮ್ಮ ಆ ಬಟ್ಟೆಯನ್ನು ಮಡಿಸಿ ಹಿಡಿದು ನಿಂತಿದ್ದಳು.

ಎರಡನೆಯ ಸಲ ಕಳಿಸಿದ ಫೋಟೋ ನೋಡಿ ಡಾಕ್ಟರಮ್ಮ ಕೇಳಿದ್ದು ಒಂದೇ ಪ್ರಶ್ನೆ, ಹೊಸ ಮಾತ್ರೆ ಏನಾದರೂ ಇದೆಯಾ ಎಂದು. ಹೇಳಿದೆ.

"ಸಂಜೇದು ಕೊಡ್ಬೇಡಿ. ಮಾತ್ರೆ ಶೀಟ್ ಇಟ್ಕೊಂಡು ಈಗ್ಲೇ ದೊಡ್ಡಾಸ್ಪತ್ರೆಗೆ ಹೊರಡಿ. ನಾನು ಅಲ್ಲಿಗೆ ಫೋನ್ ಮಾಡಿರ್ತೀನಿ."

ಆಸ್ಪತ್ರೆಯವರು ನಮಗಾಗಿ ಕಾದಿದ್ದರು. ಇದು ಆ ಮಾತ್ರೆಯದೇ ರಿಯಾಕ್ಷನ್, ಇನ್ನೆರಡು ದಿನ ನುಂಗಿದ್ದರೆ ಉಳಿಸುವುದು ಕಷ್ಟವಿತ್ತು ಎಂದರು. ಹತ್ತೊಂಬತ್ತು ದಿನ ಇಟ್ಟುಕೊಂಡು, ಫಿಟ್ಸ್‌ಗೆ ಬೇರೆ ಮಾತ್ರೆ ಕೊಟ್ಟು ಮನೆಗೆ ಕಳಿಸಿದರು.

ಆಮೇಲೆ ವಾರಕ್ಕೆರಡು ಫೋಟೋ ಮಂಗಳೂರಿಗೆ ಹೋದವು. ಎಲ್ಲಿ ಹೊಸ ಚರ್ಮ ಬರುತ್ತಿದೆ, ಎಲ್ಲಿಗೆ ಯಾವ ಎಣ್ಣೆ ಎಂದು ಡಾಕ್ಟರಮ್ಮ ತಪ್ಪದೆ ಬರೆದರು. ಅವರ ಇಮೇಲ್‌ಗಳ ಪ್ರಿಂಟು ಈಗಲೂ ನನ್ನ ಬಳಿ ಇದೆ. ಫೋಟೋದ ದಿನ ಅಮ್ಮನೇ ಮಗಳನ್ನು ಕಿಟಕಿಯ ಬೆಳಕಿಗೆ ಕೂರಿಸಿ, "ಇರೋದ್ ಇದ್ದಂಗೆ ತೆಗಿ" ಅನ್ನುತ್ತಿದ್ದಳು. ಪೌಡರ್ ಡಬ್ಬಿಯನ್ನು ಬೀರುವಿನ ಮೇಲೆ ಇಟ್ಟುಬಿಟ್ಟಿದ್ದಳು.

ಬೆನ್ನಿಗೂ ಹರಡಿದ್ದ ಉರಿಗೆ ತಂಗಿ ರಾತ್ರಿ ಬೆನ್ನೂರಿ ಮಲಗುತ್ತಿರಲಿಲ್ಲ. ಅಮ್ಮ, ನಾನು ಸರದಿಯಲ್ಲಿ ಬೀಸಣಿಗೆ ಹಿಡಿಯುತ್ತಿದ್ದೆವು. ಒಂದು ಬೆಳಿಗ್ಗೆ ಫ್ಯಾಕ್ಟರಿಯ ಸೈರನ್ನಿಗೆ ನನಗೆ ಎಚ್ಚರವಾಯಿತು. ಬೀಸಣಿಗೆ ನೆಲದಲ್ಲಿತ್ತು. ಅಮ್ಮ ಗೋಡೆಗೊರಗಿ ನಿದ್ದೆಹೋಗಿದ್ದಳು. ತಂಗಿ ಅಂಗಾತ ಮಲಗಿ, ಬಾಯಿ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು.