ಮದ್ದು ಹಾಕದ ಬಳ್ಳಿಗಳು

ಗುತ್ತಿಗಾರು ಎಂಬ ಊರಿಗೆ ಕಾಳುಮೆಣಸಿನ ಸೊರಗು ರೋಗದ ಸಂಶೋಧನೆಗೆ ಬಂದಿದ್ದ ಆಕೆ, ಏನು ಕೇಳಿದರೂ ಕನ್ನಡಕ ಹಣೆಗೇರಿಸಿ "ಗೊತ್ತಿಲ್ಲ, ನೋಡುವ" ಎನ್ನುತ್ತಿದ್ದರು. ಮದ್ದಿನ ಗುಣ ತಿಳಿಯಲು ಅರ್ಧ ಬಳ್ಳಿಗಳನ್ನು ಹೋಲಿಕೆಗೆಂದು ಮದ್ದು ಹಾಕದೆ ಬಿಡಬೇಕಿತ್ತು. ಪ್ರಯೋಗಕ್ಕೆ ತೋಟ ಕೊಟ್ಟಿದ್ದ ಯಜಮಾನರು ಅವಕ್ಕೂ ಮದ್ದು ಹಾಕಿಬಿಟ್ಟರು.

"ಸಾಯುದು ನೋಡ್ಲಿಕ್ಕೆ ಆಗ್ಲಿಲ್ಲ ಮೇಡಂ, ಪಾಪ ಕಂಡ್ತು."

ವರ್ಷದ ಪ್ರಯೋಗ ಹಾಳಾಯಿತು. ಮತ್ತೆ ತೋಟ ಕೊಡುವವರು ಸಿಗದಿದ್ದರೆ ಆಕೆಯ ಫೆಲೋಶಿಪ್ ಅಲ್ಲಿಗೇ ಮುಗಿಯುತ್ತಿತ್ತು. ನಾನು ಪತ್ರಿಕೆಯ ವರದಿಗೆ ಹೋಗಿದ್ದ ಊರಿನ ಸಭೆಯಲ್ಲಿ ಆಕೆ ಯಾರನ್ನೂ ದೂರಲಿಲ್ಲ. "ಮದ್ದು ಹಿಡಿಯಿತೋ ಇಲ್ಲವೋ, ಗೊತ್ತಿಲ್ಲ" ಎಂದರು.

"ಗೊತ್ತಿಲ್ಲ ಹೇಳ್ಲಿಕ್ಕೆ ಇಷ್ಟು ಓದ್ಬೇಕಾ ಮಾರಾಯ್ರೆ?" ಹಿಂದಿನ ಸಾಲಿನವರೊಬ್ಬರು ಕೆಣಕಿದರು.

"ಸುಳ್ಳು ಹೇಳಿದ್ರೆ ಬಳ್ಳಿ ಉಳಿಯುದಿಲ್ಲಲ್ಲ" ಎಂದು ಆಕೆ ನಕ್ಕರು.

ಆಗ ಅದೇ ಯಜಮಾನರು ಎದ್ದು ಬಂದು ಮೇಜಿನ ಮೇಲೆ ಒಂದು ಕೀ ಇಟ್ಟರು. "ನನ್ನ ತೋಟದಲ್ಲೇ ಇನ್ನೊಮ್ಮೆ ಮಾಡಿ. ಇದು ಮದ್ದಿನ ಕೋಣೆದು. ನಿಮ್ಮ ಹತ್ರವೇ ಇರ್ಲಿ, ನನ್ನನ್ನು ನಂಬ್ಲಿಕ್ಕೆ ಆಗುದಿಲ್ಲ."