ಕೊನೆಯ ಪಂಕ್ತಿಗೆ ಕಾದ ಚನ್ನಪ್ಪನವರು

ಚನ್ನಪ್ಪನವರು ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವರು. ಬಾಗಲಗುಂಟೆಯಲ್ಲಿ ನಮ್ಮ ಪಕ್ಕದ ಮನೆ. ಬೆಳಗಿನ ಕಾಫಿಯನ್ನೂ ಗೇಟಿನಿಂದ ಬಾಗಿಲಿಗೆ ಓಡಾಡುತ್ತಲೇ ಕುಡಿಯುತ್ತಿದ್ದರು. ಅವರ ಮನೆಯ ಬಾಡೂಟವೆಂದರೆ ಬಕೆಟ್ಟು, ಸೌಟು ಅವರ ಕೈಯಲ್ಲೇ. ಬೇಡ ಎಂದು ಎಲೆಗೆ ಕೈ ಅಡ್ಡ ಹಿಡಿದರೆ ಬೆರಳಿನ ಸಂದಿಯಲ್ಲೇ ಸುರಿಯುತ್ತಿದ್ದರು. ನೀವು ಕೂರೋದು ಯಾವಾಗ ಎಂದು ಕೇಳಿದರೆ, "ಕೊನೇ ಪಂಕ್ತಿ ಏಳ್ಲಿ ಮೇಷ್ಟ್ರೇ. ಮನೆಯೋನೇ ಮೊದ್ಲು ಉಂಡ್ರೆ ಬಂದೋರು ಏನಂದ್ಕೊಂಡಾರು?" ಎನ್ನುತ್ತಿದ್ದರು.

ಇಂಥವರ ಮಗಳು ಲತಾ ಬುಡಾಪೆಸ್ಟಿನಲ್ಲಿ ಅಡುಗೆ ಕಲಿತು ಬಂದು ಯಲಹಂಕದಲ್ಲಿ ಹಂಗೇರಿ ಊಟದ ರೆಸ್ಟೋರೆಂಟ್ ತೆರೆದಳು. ಕೆಂಪು ಮೆಣಸಿನ ಪುಡಿಯಲ್ಲಿ ಬೆಂದ ಕೋಳಿ, ಪಕ್ಕದಲ್ಲಿ ಗೋಲಿ ಗಾತ್ರದ ಹಿಟ್ಟಿನ ಉಂಡೆಗಳು, ತಣ್ಣನೆಯ ಚೆರ್ರಿ ಸೂಪು, ಜೊತೆಗೆ ದೊಡ್ಡಬಳ್ಳಾಪುರದ ಕಡೆಯ ದ್ರಾಕ್ಷಿಯ ವೈನ್. ಎಲ್ಲ ಹೊಸ ಕಾಲದ ರೀತಿ: ಅಗಲವಾದ ತಟ್ಟೆ, ನಡುವೆ ಒಂದಿಷ್ಟು.

ಮೊದಲ ದಿನವೇ ಒಬ್ಬರು ವೈನ್ ಗ್ಲಾಸನ್ನು ಅಲ್ಲಾಡಿಸಿ ಮೂಗಿನ ಹತ್ತಿರ ಹಿಡಿದರು. ಹೆಸರಘಟ್ಟದಲ್ಲಿ ಮೂವತ್ತು ವರ್ಷ ದ್ರಾಕ್ಷಿ ಬೆಳೆದರೂ ವೈನನ್ನು ತುಟಿಗೆ ಸೋಕಿಸದ ಚನ್ನಪ್ಪನವರು ಓಡಿಹೋಗಿ, "ವಾಸ್ನೆ ಬಂತಾ ಸ್ವಾಮಿ? ಬುಡಿ, ಬೇರೆ ಕೊಡುಸ್ತೀನಿ" ಎಂದು ಗ್ಲಾಸು ಕಿತ್ತುಕೊಂಡೇಬಿಟ್ಟರು. ಆಮೇಲೆ ತಟ್ಟೆಗಳನ್ನು ನೋಡಿ ಅವರ ಮುಖ ಸಣ್ಣಗಾಯಿತು. ಅಡುಗೆಮನೆಯಿಂದ ಪಾತ್ರೆಯನ್ನೇ ಹೊತ್ತು ತಂದು, ಕಂಡಕಂಡವರಿಗೆಲ್ಲ ಬಡಿಸತೊಡಗಿದರು.

"ಅಪ್ಪ, ಇದು ಮದ್ವೆ ಮನೆ ಅಲ್ಲ. ನೀನೂ ಕೂತ್ಕೊಂಡು ತಿನ್ನು," ಎಂದಳು ಲತಾ.

"ಜನ ಇನ್ನೂ ಉಣ್ತಾವ್ರೆ. ನಾನೆಂಗವ್ವ ಕೂರ್ಲಿ?"

ರೆಸ್ಟೋರೆಂಟಿನಲ್ಲಿ ಕೊನೆಯ ಪಂಕ್ತಿ ಏಳುವುದೆಲ್ಲಿ ಬಂತು? ಒಂದು ಟೇಬಲ್ ಖಾಲಿಯಾದರೆ ಇನ್ನೊಬ್ಬರು ಬಂದು ಕೂರುತ್ತಾರೆ. ಎಂಟು ತಿಂಗಳಾದರೂ ಅವರು ಮಗಳ ಅಡುಗೆಯ ರುಚಿ ನೋಡಲಿಲ್ಲ. "ಊರೆಲ್ಲ ಹೊಗಳಿದ್ರು ಅಂಕಲ್," ಎಂದಳು ಅವಳು ಒಮ್ಮೆ. "ನನಗೆ ಅಪ್ಪನ ಬಾಯಿಂದ ಒಂದು ಮಾತು ಬೇಕು. ಚೆನ್ನಾಗಿಲ್ಲ ಅಂದ್ರೂ ಪರವಾಗಿಲ್ಲ."

ಕೊನೆಗೆ ಒಂದು ಸೋಮವಾರ, ರಜೆಯ ದಿನ, ಮಧ್ಯಾಹ್ನಕ್ಕೆ ಅವರೊಬ್ಬರಿಗಾಗಿಯೇ ಅಡುಗೆ ಮಾಡಿದಳು. ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಚನ್ನಪ್ಪನವರು ಕುರ್ಚಿಯನ್ನು ಹಿಂದೆ ಮುಂದೆ ಸರಿಸಿದರು, ಬಾಗಿಲ ಕಡೆ ನೋಡಿದರು, ಅಡುಗೆಯವರದೆಲ್ಲ ಊಟ ಆಯಿತೇ ಎಂದು ಎರಡು ಸಲ ಕೇಳಿದರು. ಆಗಿದೆ ಎಂದಳು. ಅಂತೂ ಒಂದು ತುತ್ತು ಬಾಯಿಗಿಟ್ಟರು. ಲತಾ ಅವರ ಮುಖವನ್ನೇ ನೋಡುತ್ತ ನಿಂತಿದ್ದಳು.

ಅಷ್ಟರಲ್ಲಿ ಯಾರೋ ಗಾಜಿನ ಬಾಗಿಲು ಬಡಿದರು. ರಜೆಯೆಂದು ತಿಳಿಯದೆ ಹೆಬ್ಬಾಳದಿಂದ ಬಂದಿದ್ದ ವಯಸ್ಸಾದ ಗಂಡ ಹೆಂಡತಿ. ಲತಾ ಕೈಯಾಡಿಸಿ ಇಲ್ಲ ಎನ್ನುವಷ್ಟರಲ್ಲಿ ಚನ್ನಪ್ಪನವರು ಎದ್ದು ಕೈ ತೊಳೆದಾಗಿತ್ತು. "ಉಣ್ಣೋ ಒತ್ನಲ್ಲಿ ಬಾಗ್ಲಿಗೆ ಬಂದೋರ್ನ ಕಳ್ಸಾಕಾಯ್ತದಾ?" ಎಂದು ಒಳಗೆ ಕರೆದು ಕೂರಿಸಿ, ತಾವು ಪಕ್ಕದಲ್ಲಿ ನಿಂತರು. ಲತಾ ಒಳಗೆ ಹೋಗಿ ಅವರಿಗೂ ಅಡುಗೆ ಬಿಸಿ ಮಾಡಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ಆ ಹುಡುಗಿಗಾಗಿ ಅರ್ಧ ಗಂಟೆ ಕೂರಲಾರದ ಇದೆಂಥ ದೊಡ್ಡಸ್ತಿಕೆ?

ಹಿಂದಿರುಗುವಾಗ ಜಾಲಹಳ್ಳಿ ದಾಟುವವರೆಗೂ ತಡೆದುಕೊಂಡೆ. ಆಮೇಲೆ ಕೇಳಿಯೇಬಿಟ್ಟೆ: "ಮಗಳ ಅಡುಗೆ ಹೇಗಿತ್ತು, ಅದನ್ನಾದರೂ ಹೇಳಿ."

ಅವರು ಕಿಟಕಿಯ ಆಚೆ ನೋಡುತ್ತಿದ್ದರು. "ಆ ಹೆಬ್ಬಾಳದ ಆಯಮ್ಮ ಎರಡನೇ ಸಲ ಆಕುಸ್ಕೊಂಡ್ರು, ನೋಡಿದ್ರಾ? ನಾನ್ ಬಲವಂತ ಮಾಡ್ಲೇ ಇಲ್ಲ ಮೇಷ್ಟ್ರೇ. ಅವರೇ ಕೇಳಿ ಆಕುಸ್ಕೊಂಡ್ರು," ಎಂದರು.

ಅಂದೇ ಲತಾಗೆ ಫೋನ್ ಮಾಡಿ ಈ ಮಾತು ಹೇಳಬಹುದಿತ್ತು. ನನ್ನ ಸಿಟ್ಟು ಇಳಿದಿರಲಿಲ್ಲ. ಅವರೇ ಹೇಳಿಕೊಳ್ಳಲಿ ಎಂದು ಸುಮ್ಮನಾದೆ. ಅವರು ಹೇಳಲಿಲ್ಲ. ಮುಂದಿನ ಸೋಮವಾರ ಬರುವುದರೊಳಗೆ ಅವರ ಎದೆಬಡಿತ ನಿಂತುಹೋಯಿತು.

ಮೂರನೆಯ ದಿನ ಲತಾ ನಮ್ಮ ಮನೆಗೆ ಬಂದಳು. ಒಳಗೆ ಕರೆದರೂ ಬರಲಿಲ್ಲ. "ಅಂಕಲ್, ಅವತ್ತು ಕಾರಲ್ಲಿ ಅಪ್ಪ ಏನಾದ್ರೂ ಅಂದ್ರಾ?"

ಅವರು ಅಂದದ್ದನ್ನು ಅವರ ಮಾತಿನಲ್ಲೇ ಹೇಳಿದೆ. ಅವಳು ಬಾಗಿಲ ಚೌಕಟ್ಟು ಹಿಡಿದು ಕೇಳಿಸಿಕೊಂಡಳು.

"ಇನ್ನೊಂದ್ಸಲ ಹೇಳಿ ಅಂಕಲ್," ಎಂದಳು.

ಹೇಳಿದೆ.